ಯಾರನ್ನೂ ಕೇಳದೆ ಸಂಖ್ಯೆ ಕೊಡುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿದ ಕೆಲವೇ ವಾರಗಳಲ್ಲಿ ನೀವು ಡೇಟಾಬೇಸಿನಲ್ಲಿ ಒಂದು ಟೇಬಲ್ ಮಾಡಿರುತ್ತೀರಿ. ಅದರ ಮೊದಲ ಕಾಲಂ ಐಡಿ. ಅದಕ್ಕೆ ನೀವೇನೂ ತುಂಬಬೇಕಿಲ್ಲ. ಹೊಸ ಸಾಲು ಸೇರಿದಾಗಲೆಲ್ಲ ಡೇಟಾಬೇಸೇ 1, 2, 3 ಎಂದು ಹಾಕಿಕೊಂಡು ಹೋಗುತ್ತದೆ. ಇದಕ್ಕೆ ಆಟೋ ಇನ್‌ಕ್ರಿಮೆಂಟ್ ಎನ್ನುತ್ತಾರೆ. ಒಂದೇ ಡೇಟಾಬೇಸ್ ಇರುವವರೆಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ದೊಡ್ಡ ವಿಧಾನಗಳನ್ನು ಕೇಳಿದ ಉತ್ಸಾಹದಲ್ಲಿ ಸಣ್ಣ ಅಪ್ಲಿಕೇಷನ್ನಿಗೂ ಅವನ್ನೇ ತಂದು ಹಾಕುವವರು ಬಹಳ ಮಂದಿ.

ಆಟೋ ಇನ್‌ಕ್ರಿಮೆಂಟ್ ಸರಿಯಾಗಿ ನಡೆಯುವುದಕ್ಕೆ ಒಂದೇ ಕಾರಣ: ಎಣಿಕೆ ಒಂದೇ ಜಾಗದಲ್ಲಿದೆ. ಇಬ್ಬರು ಒಟ್ಟಿಗೆ ಬಂದು ಸಂಖ್ಯೆ ಕೇಳಿದರೂ ಡೇಟಾಬೇಸ್ ಅವರನ್ನು ಒಬ್ಬರ ಹಿಂದೆ ಒಬ್ಬರನ್ನಾಗಿ ನಿಲ್ಲಿಸಿ, ಮೊದಲಿನವರಿಗೆ 57, ಆಮೇಲಿನವರಿಗೆ 58 ಎಂದು ಕೊಡುತ್ತದೆ. ಈಗ ನಿಮ್ಮ ಸೇವೆ ಬೆಳೆಯಿತು ಎಂದುಕೊಳ್ಳಿ. ಒಂದು ಡೇಟಾಬೇಸ್ ಬೆಂಗಳೂರಿನಲ್ಲಿ, ಇನ್ನೊಂದು ಮುಂಬೈಯಲ್ಲಿ. ಎರಡೂ ತಮ್ಮಷ್ಟಕ್ಕೆ ಎಣಿಸಿದರೆ ಇಲ್ಲೂ ಒಂದು 58, ಅಲ್ಲೂ ಒಂದು 58. ಎರಡೂ ಕಡೆಯ ಆರ್ಡರುಗಳನ್ನು ಒಂದೆಡೆ ಸೇರಿಸಿದ ದಿನ ಒಬ್ಬರ ಬಿಲ್ಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಹಾಗಾದರೆ ಎಣಿಕೆಯನ್ನು ಬೆಂಗಳೂರಿನಲ್ಲೇ ಇಟ್ಟು, ಮುಂಬೈ ಪ್ರತಿ ಸಲ ಕೇಳಲಿ ಎನ್ನಬಹುದು. ಆದರೆ ಕೇಳುವುದಕ್ಕೆ ಬೆಲೆಯಿದೆ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಎರಡು ಊರುಗಳ ನಡುವೆ ನೇರ ಗೆರೆ ಎಳೆದರೂ 800 ಕಿಲೋಮೀಟರಿಗೆ ಮೀರಿದ ದೂರ. ಹೋಗಿ ಬರಲು 8 ಮಿಲಿಸೆಕೆಂಡಾದರೂ ಬೇಕು, ಕೇಬಲ್ ಸುತ್ತಿಕೊಂಡು ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಸಲಕ್ಕೆ ಇದೇನೂ ದೊಡ್ಡದಲ್ಲ. ಪ್ರತಿ ಆರ್ಡರಿಗೂ, ಪ್ರತಿ ಸಂದೇಶಕ್ಕೂ ಎಂದಾಗ ದೊಡ್ಡದು. ಅದಕ್ಕಿಂತ ಹೆಚ್ಚಿನ ತೊಂದರೆ ಎಂದರೆ, ಬೆಂಗಳೂರಿನ ಯಂತ್ರ ಕೈಕೊಟ್ಟರೆ ಮುಂಬೈಯಲ್ಲಿ ಎಲ್ಲ ಚೆನ್ನಾಗಿದ್ದರೂ ಅಲ್ಲಿ ಒಂದು ಆರ್ಡರನ್ನೂ ತೆಗೆದುಕೊಳ್ಳಲಾಗದು.

ಆದ್ದರಿಂದ ಯಾವ ಐಡಿ ವಿಧಾನ ಎದುರಿಗೆ ಬಂದರೂ ಅದಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ ಇದು: ಯಾರನ್ನು, ಯಾವಾಗ, ಎಷ್ಟು ಸಲ ಕೇಳಬೇಕು? ಕೇಳುವುದನ್ನು ಯಾರೂ ಬೆಲೆ ತೆರದೆ ತಪ್ಪಿಸಿಲ್ಲ. ಒಬ್ಬರು ಅದನ್ನು ಮೊದಲೇ ಒಂದು ಸಲ ಮುಗಿಸಿಕೊಳ್ಳುತ್ತಾರೆ, ಒಬ್ಬರು ಗಡಿಯಾರದ ಮೇಲೆ ಹಾಕುತ್ತಾರೆ, ಒಬ್ಬರು ಗಣಿತದ ಸಂಭವನೀಯತೆಗೆ ಬಿಡುತ್ತಾರೆ. ಈ ಒಂದು ಎಳೆ ಹಿಡಿದುಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲೇ ಕೇಳಿ ಮುಗಿಸಿಕೊಳ್ಳುವುದು ನಮಗೆಲ್ಲ ಗೊತ್ತಿರುವ ಕ್ರಮ. ವಾಹನಗಳ ನಂಬರ್ ಪ್ಲೇಟ್ ನೋಡಿ. ಮೈಸೂರಿಗೆ ಕೆಎ 09, ಮಂಗಳೂರಿಗೆ ಕೆಎ 19 ಎಂದು ಒಮ್ಮೆ ಹಂಚಿದ್ದಾಯಿತು. ಆಮೇಲೆ ಮೈಸೂರಿನ ಆರ್‌ಟಿಒ ಒಂದು ಸ್ಕೂಟರಿಗೆ ನಂಬರು ಕೊಡುವಾಗ ಮಂಗಳೂರಿಗೆ ಫೋನ್ ಮಾಡಿ ವಿಚಾರಿಸುವುದಿಲ್ಲ. ಮುಂದಿನ ಅಂಕಿಗಳು ಎರಡೂ ಕಡೆ ಒಂದೇ ಆದರೂ ಮೊದಲ ಭಾಗ ಬೇರೆಯಾಗಿರುವುದರಿಂದ ಪೂರ್ತಿ ನಂಬರು ಎಂದೂ ಒಂದೇ ಆಗದು. ಫೋಟೋ ತಾಣವಾದ ಫ್ಲಿಕರ್ ಇದನ್ನೇ ಇನ್ನಷ್ಟು ಸರಳವಾಗಿ ಮಾಡಿತ್ತು. ಸಂಖ್ಯೆ ಕೊಡುವುದಕ್ಕೆಂದೇ ಎರಡು ಮೈಎಸ್‌ಕ್ಯೂಎಲ್ ಸರ್ವರುಗಳು. ಎರಡೂ ಎರಡೆರಡಾಗಿ ಎಣಿಸುತ್ತವೆ, ಒಂದು ಬೆಸ ಸಂಖ್ಯೆಗಳನ್ನು, ಇನ್ನೊಂದು ಸಮ ಸಂಖ್ಯೆಗಳನ್ನು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ. ಎರಡಿದ್ದದ್ದು ಮೂರಾಗಬೇಕು ಎಂದಾಗ ಮಾತ್ರ ಹಂಚಿಕೆಯನ್ನೇ ಹೊಸದಾಗಿ ಮಾಡಬೇಕು.

ಸಾಲಾಗಿ ಏರುವ ಸಂಖ್ಯೆಗಳಿಗೆ ಇನ್ನೊಂದು ಗುಣವಿದೆ, ಹೊಸಬರು ಇದನ್ನು ಬಹಳ ತಡವಾಗಿ ಗಮನಿಸುತ್ತಾರೆ: ಅವು ಒಳಗಿನ ಲೆಕ್ಕವನ್ನು ಹೊರಗೆ ಹೇಳಿಬಿಡುತ್ತವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂದು ತಿಳಿಯಲು ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ವಶಪಡಿಸಿಕೊಂಡ ಟ್ಯಾಂಕುಗಳ ಬಿಡಿಭಾಗಗಳ ಕ್ರಮಸಂಖ್ಯೆ ನೋಡಿದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1550. ಕ್ರಮಸಂಖ್ಯೆಗಳಿಂದ ತೆಗೆದ ಅಂದಾಜು 327. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತದಲ್ಲಿ ಸಿಕ್ಕ ನಿಜವಾದ ಲೆಕ್ಕ 342. ನಿಮ್ಮ ಅಂಗಡಿಯ ಬಿಲ್ ನಂಬರು ಸೋಮವಾರ 4100, ಮುಂದಿನ ಸೋಮವಾರ 4160 ಇದ್ದರೆ ವಾರದ ವ್ಯಾಪಾರ ಯಾರಿಗೆ ಬೇಕಾದರೂ ಗೊತ್ತಾಯಿತು. ವೆಬ್ ವಿಳಾಸದ ಕೊನೆಯಲ್ಲಿ 4160 ಇರುವುದನ್ನು 4161 ಮಾಡಿ ಬೇರೆಯವರ ಬಿಲ್ಲು ತೆರೆದು ನೋಡುವ ಆಸೆಯೂ ಕೆಲವರಿಗೆ ಬರುತ್ತದೆ. ನೋಡಲು ಹಕ್ಕಿದೆಯೇ ಎಂದು ಪರೀಕ್ಷಿಸುವುದು ಪ್ರೋಗ್ರಾಮಿನ ಕೆಲಸ, ನಿಜ. ಆದರೂ ಬಾಗಿಲು ಎಲ್ಲಿದೆ ಎಂದು ನಾವೇ ತೋರಿಸಬೇಕಾಗಿಲ್ಲ.

ಇನ್ನು ಯಾರನ್ನೂ ಕೇಳದ ದಾರಿಗೆ ಬರೋಣ. ಯುಯುಐಡಿ ಎಂಬ ಹೆಸರು ನೀವು ಕೇಳಿರಬಹುದು. ಮೈಕ್ರೋಸಾಫ್ಟ್ ಬಳಗದಲ್ಲಿ ಇದನ್ನೇ ಜಿಯುಐಡಿ ಎನ್ನುತ್ತಾರೆ. ಇದು 128 ಬಿಟ್‌ಗಳ ಒಂದು ಸಂಖ್ಯೆ. ಬರೆಯುವಾಗ 32 ಹೆಕ್ಸ್ ಅಂಕಿಗಳು, ಅಂದರೆ 0ಯಿಂದ 9 ಮತ್ತು ಎ ಇಂದ ಎಫ್ ವರೆಗಿನ ಅಕ್ಷರಗಳು. ನಡುವೆ ನಾಲ್ಕು ಅಡ್ಡಗೆರೆ ಹಾಕಿ 8, 4, 4, 4, 12 ಎಂದು ಐದು ಗುಂಪು ಮಾಡಿರುತ್ತಾರೆ. ಮೂರನೇ ಗುಂಪಿನ ಮೊದಲ ಅಂಕಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಅದು ಈ ಸಂಖ್ಯೆಯನ್ನು ಹೇಗೆ ತಯಾರಿಸಿದರು ಎಂದು ಹೇಳುತ್ತದೆ. ಬಹಳಷ್ಟು ಕಡೆ ಅಲ್ಲಿ 4 ಕಾಣುತ್ತದೆ. ಅದು ನಾಲ್ಕನೇ ಆವೃತ್ತಿ.

ನಾಲ್ಕನೇ ಆವೃತ್ತಿಯಲ್ಲಿ 6 ಬಿಟ್‌ಗಳು ಮಾತ್ರ ನಿಗದಿಯಾದವು. ಉಳಿದ 122 ಬಿಟ್‌ಗಳು ಪೂರ್ತಿ ರ್‍ಯಾಂಡಮ್. ಯಾವ ಯಂತ್ರವೂ ಯಾವ ಯಂತ್ರವನ್ನೂ ಕೇಳುವುದಿಲ್ಲ, ಗಡಿಯಾರವನ್ನೂ ನೋಡುವುದಿಲ್ಲ. ಇಲ್ಲಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ, ಕೇಳಲೇಬೇಕಾದ ಪ್ರಶ್ನೆಯೂ ಹೌದು: ಒಂದೇ ಸಂಖ್ಯೆ ಎರಡು ಸಲ ಬಂದರೆ? ಬರಲಾರದು ಎಂದು ಯಾರೂ ಪ್ರಮಾಣ ಮಾಡುವುದಿಲ್ಲ. ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಬಹುದು, ಅಷ್ಟೇ. ಆ ಲೆಕ್ಕದಲ್ಲಿ ನಮ್ಮ ಊಹೆ ಸುಲಭವಾಗಿ ದಾರಿ ತಪ್ಪುತ್ತದೆ. ಒಂದು ಕೋಣೆಯಲ್ಲಿ ಬರೀ 23 ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ದಿನಗಳು 365 ಇದ್ದರೂ, 23 ಜನರಲ್ಲಿ ಜೋಡಿಗಳು 253 ಆಗುತ್ತವೆ. ಪ್ರತಿ ಜೋಡಿಯೂ ಒಂದೊಂದು ಅವಕಾಶ.

ಇದೇ ಲೆಕ್ಕವನ್ನು 32 ಬಿಟ್‌ಗೆ ಹಚ್ಚಿ ನೋಡಿ. 32 ಬಿಟ್‌ನಲ್ಲಿ 429 ಕೋಟಿಗೂ ಹೆಚ್ಚು ಬೇರೆಬೇರೆ ಸಂಖ್ಯೆಗಳಿವೆ. ಕೇಳಲು ಧಾರಾಳವಾಗಿದೆ. ಆದರೆ ಸುಮಾರು 77 ಸಾವಿರ ಸಂಖ್ಯೆ ತೆಗೆಯುವಷ್ಟರಲ್ಲೇ ಎರಡು ಒಂದೇ ಆಗುವ ಸಂಭವ ಅರ್ಧಕ್ಕೆ ಬಂದಿರುತ್ತದೆ. ಒಂದು ಮಧ್ಯಮ ಗಾತ್ರದ ಕಾಲೇಜಿನ ಕೆಲವು ವರ್ಷಗಳ ರಸೀದಿಗಳಿಗೇ ಅದು ಸಾಲದು. ಈಗ 122 ಬಿಟ್: ಸೆಕೆಂಡಿಗೆ 100 ಕೋಟಿಯಂತೆ ಎಡೆಬಿಡದೆ ಸುಮಾರು 86 ವರ್ಷ ತಯಾರಿಸಿದರೆ ಸಂಭವ ಅರ್ಧಕ್ಕೆ ಬರುತ್ತದೆ. ಬಿಟ್‌ಗಳನ್ನು ನಾಲ್ಕು ಪಟ್ಟು ಮಾಡಿದರೆ ಸುರಕ್ಷತೆ ನಾಲ್ಕು ಪಟ್ಟಾಗುವುದಲ್ಲ. ಅದು ನಮ್ಮ ಕಲ್ಪನೆಗೆ ನಿಲುಕದಷ್ಟು ಮೇಲೆ ಹೋಗುತ್ತದೆ. ಐಡಿ ಉದ್ದವಾಯಿತು ಎಂದು ನಾಲ್ಕಾರು ಅಂಕಿ ಕತ್ತರಿಸಿ ಇಟ್ಟುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿನೋಡಬೇಕು.

ಈ ಭರವಸೆಯೆಲ್ಲ ರ್‍ಯಾಂಡಮ್ ಎಂಬುದು ನಿಜವಾಗಿ ರ್‍ಯಾಂಡಮ್ ಆಗಿದ್ದರೆ ಮಾತ್ರ. 2006ರಲ್ಲಿ ಡೆಬಿಯನ್ ಲಿನಕ್ಸಿನವರು ಗುಪ್ತ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಪ್ಯಾಕೇಜಿನಲ್ಲಿ ಒಂದು ಸಾಲನ್ನು ಅನಗತ್ಯವೆಂದುಕೊಂಡು ತೆಗೆದರು. ಅನಿಶ್ಚಿತತೆಯನ್ನು ಒಳಗೆ ಬೆರೆಸುತ್ತಿದ್ದದ್ದೇ ಆ ಸಾಲು. ಆಮೇಲೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ, ಅದರ ಮಿತಿ 32,768. ಗುಪ್ತ ಕೀಲಿಗಳು ನೋಡಲು ಉದ್ದವಾಗಿಯೇ ಇದ್ದವು, ಆದರೆ ಒಂದು ಬಗೆಯ ಕೀಲಿ ಅಷ್ಟೇ ರೀತಿಯಲ್ಲಿ ಹುಟ್ಟಬಲ್ಲುದಾಗಿತ್ತು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ನೀವು ಐಡಿ ತಯಾರಿಸುವಾಗ ಭಾಷೆಯ ಜೊತೆಗೆ ಬರುವ ಸಾಧಾರಣ ರ್‍ಯಾಂಡಮ್ ಫಂಕ್ಷನ್ ಬಿಟ್ಟು, ಆಪರೇಟಿಂಗ್ ಸಿಸ್ಟಂ ಒದಗಿಸುವ ಸುರಕ್ಷಿತ ಮೂಲವನ್ನೇ ಬಳಸಿ. ಒಳ್ಳೆಯ ಯುಯುಐಡಿ ಲೈಬ್ರರಿಗಳು ಅದನ್ನೇ ಮಾಡುತ್ತವೆ. ನಿಮ್ಮದೇ ಬರೆಯಲು ಹೋಗಬೇಡಿ.

ಯುಯುಐಡಿಯ ಮೊದಲನೇ ಆವೃತ್ತಿ ಬೇರೆ ದಾರಿಯದು. ಅದರಲ್ಲಿ 60 ಬಿಟ್ ಸಮಯ, ಉಳಿದದ್ದರಲ್ಲಿ ಮುಖ್ಯವಾಗಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳ ಮ್ಯಾಕ್ ವಿಳಾಸ. ಸಮಯವನ್ನು ಗ್ರೆಗೋರಿಯನ್ ಕ್ಯಾಲೆಂಡರ್ ಜಾರಿಗೆ ಬಂದ 1582ರ ಅಕ್ಟೋಬರ್ 15ರಿಂದ, ಒಂದು ಸೆಕೆಂಡಿನ ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತಾರೆ. ಮ್ಯಾಕ್ ವಿಳಾಸ ಕಾರ್ಖಾನೆಯಲ್ಲೇ ಬೇರೆಬೇರೆಯಾಗಿ ಬಂದಿರುವುದರಿಂದ ಕೇಳುವ ಕೆಲಸ ಕಾರ್ಡು ತಯಾರಾದ ದಿನವೇ ಮುಗಿದಿರುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಐಡಿ ಹೋದಲ್ಲೆಲ್ಲ ಯಂತ್ರದ ಗುರುತೂ ಹೋಗುತ್ತದೆ. 1999ರಲ್ಲಿ ಮೆಲಿಸ್ಸಾ ವೈರಸ್ ಹರಡಿದಾಗ ವರ್ಡ್ ಕಡತದೊಳಗೆ ಕುಳಿತಿದ್ದ ಇಂಥ ಐಡಿಯೂ ಅದರ ಮೂಲ ಹುಡುಕುವವರ ಕೈಗೆ ಸಿಕ್ಕಿತ್ತು. ಅಪರಾಧಿಯ ವಿಷಯದಲ್ಲಿ ಅದು ಒಳ್ಳೆಯದೇ. ಸಾಮಾನ್ಯ ಬಳಕೆದಾರರ ಪ್ರತಿ ಕಡತದಲ್ಲೂ ಅವರ ಕಂಪ್ಯೂಟರಿನ ಗುರುತು ಕೂತಿರುವುದು ಒಳ್ಳೆಯದಲ್ಲ.

ನಾಲ್ಕನೇ ಆವೃತ್ತಿ ಇಷ್ಟು ಚೆನ್ನಾಗಿದ್ದರೆ ಅಲ್ಲಿಗೇ ನಿಲ್ಲಬಹುದಲ್ಲ ಎನಿಸಬಹುದು. ತೊಂದರೆ ಬರುವುದು ಡೇಟಾಬೇಸಿನ ಒಳಗೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ಎಂಜಿನ್ ಸಾಲುಗಳನ್ನು ಪ್ರೈಮರಿ ಕೀಯ (ಇಲ್ಲಿ ಐಡಿಯ) ಕ್ರಮದಲ್ಲೇ 16 ಕಿಲೋಬೈಟಿನ ಪುಟಗಳಲ್ಲಿ ಜೋಡಿಸಿಡುತ್ತದೆ. ಏರುಕ್ರಮದ ಐಡಿ ಬಂದರೆ ಹೊಸ ಸಾಲು ಯಾವಾಗಲೂ ಕೊನೆಯ ಪುಟಕ್ಕೆ ಸೇರುತ್ತದೆ, ಆ ಪುಟ ಮೆಮೊರಿಯಲ್ಲೇ ಇರುತ್ತದೆ. ರ್‍ಯಾಂಡಮ್ ಐಡಿ ಬಂದರೆ ಪ್ರತಿ ಸಾಲೂ ಎಲ್ಲೋ ಒಂದು ನಡುಪುಟಕ್ಕೆ ಹೋಗಬೇಕು. ಆ ಪುಟವನ್ನು ಡಿಸ್ಕಿನಿಂದ ತರಬೇಕು, ತುಂಬಿದ್ದರೆ ಎರಡಾಗಿ ಒಡೆಯಬೇಕು. ಸಾಲುಗಳು ಸಾವಿರದಲ್ಲಿದ್ದಾಗ ಏನೂ ತಿಳಿಯುವುದಿಲ್ಲ. ಕೋಟಿಗಳಾದಾಗ ಬರೆಯುವ ವೇಗ ಕುಸಿಯುತ್ತದೆ. ಹಾಗಾಗಿ ಬೇಕಾದದ್ದು ಎರಡು: ಯಾರನ್ನೂ ಕೇಳಬಾರದು, ಸರಿಸುಮಾರು ಏರುಕ್ರಮದಲ್ಲಿರಬೇಕು.

2010ರಲ್ಲಿ ಟ್ವಿಟರ್ ಇದೇ ಇಕ್ಕಟ್ಟಿನಲ್ಲಿತ್ತು. ಟ್ವೀಟುಗಳನ್ನು ಮೈಎಸ್‌ಕ್ಯೂಎಲ್‌ನಿಂದ ಕಸಾಂಡ್ರಾ ಎಂಬ ಡೇಟಾಬೇಸಿಗೆ ಒಯ್ಯುವ ಯೋಚನೆಯಿತ್ತು, ಕಸಾಂಡ್ರಾದಲ್ಲಿ ಆಟೋ ಇನ್‌ಕ್ರಿಮೆಂಟ್ ಇರಲಿಲ್ಲ. ಅವರು ಮಾಡಿಕೊಂಡದ್ದಕ್ಕೆ ಸ್ನೋಫ್ಲೇಕ್ ಎಂದು ಹೆಸರಿಟ್ಟರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಲಿಸಲು ಇದರಷ್ಟು ಚೊಕ್ಕಟವಾದ ವಿನ್ಯಾಸ ಇನ್ನೊಂದಿಲ್ಲ. 64 ಬಿಟ್‌ಗಳನ್ನು ಹೀಗೆ ಹಂಚಿದರು. ಮೊದಲ ಬಿಟ್ ಯಾವಾಗಲೂ 0. ಮುಂದಿನ 41 ಬಿಟ್, ಆಯ್ದುಕೊಂಡ ಒಂದು ಆರಂಭದ ಕ್ಷಣದಿಂದ ಕಳೆದ ಮಿಲಿಸೆಕೆಂಡುಗಳು. ಆಮೇಲೆ 10 ಬಿಟ್ ಯಂತ್ರದ ಸಂಖ್ಯೆ. ಕೊನೆಯ 12 ಬಿಟ್, ಒಂದೇ ಮಿಲಿಸೆಕೆಂಡಿನೊಳಗೆ ಒಂದೇ ಯಂತ್ರ ಕೊಡುವ ಕ್ರಮಸಂಖ್ಯೆ. 41 ಬಿಟ್ ಮಿಲಿಸೆಕೆಂಡು ಎಂದರೆ 69 ವರ್ಷ ದಾಟುತ್ತದೆ. ಯಂತ್ರಗಳು 1024ರವರೆಗೆ. ಒಂದೊಂದು ಯಂತ್ರ ಮಿಲಿಸೆಕೆಂಡಿಗೆ 4096 ಸಂಖ್ಯೆ ಕೊಡಬಹುದು. ಅಷ್ಟೂ ಮುಗಿದರೆ ಮುಂದಿನ ಮಿಲಿಸೆಕೆಂಡಿಗೆ ಕಾಯುತ್ತದೆ. ಕೇಳುವ ಕೆಲಸ ಒಂದೇ ಸಲ, ಯಂತ್ರ ಶುರುವಾಗುವಾಗ ತನ್ನ 10 ಬಿಟ್ ಸಂಖ್ಯೆ ಪಡೆಯಲು.

ಒಂದು ಸಂಖ್ಯೆಯನ್ನು ನಾವೇ ಕಟ್ಟಿನೋಡೋಣ, ಕಾಗದ ಪೆನ್ನು ತೆಗೆದುಕೊಳ್ಳಿ. ನಮ್ಮ ಆರಂಭದ ಕ್ಷಣ 2025ರ ಜನವರಿ 1. ಅಲ್ಲಿಂದ ಸರಿಯಾಗಿ 10 ದಿನ ಕಳೆದಿದೆ, ಅಂದರೆ 86 ಕೋಟಿ 40 ಲಕ್ಷ ಮಿಲಿಸೆಕೆಂಡು. ಯಂತ್ರದ ಸಂಖ್ಯೆ 5, ಕ್ರಮಸಂಖ್ಯೆ 3. ಸಮಯದ ಬಲಕ್ಕೆ 22 ಬಿಟ್‌ಗಳಿರುವುದರಿಂದ ಸಮಯವನ್ನು 2ರ ಘಾತ 22ರಿಂದ, ಎಂದರೆ 4194304ರಿಂದ ಗುಣಿಸಬೇಕು. ಯಂತ್ರದ ಬಲಕ್ಕೆ 12 ಬಿಟ್, ಆದ್ದರಿಂದ 5ನ್ನು 4096ರಿಂದ ಗುಣಿಸಿದರೆ 20480. ಅದಕ್ಕೆ 3 ಸೇರಿಸಿದರೆ 20483. ಎಲ್ಲ ಕೂಡಿದಾಗ ಬರುವ ಐಡಿ 3623878656020483. ಈಗ ಹಿಂದಕ್ಕೆ ಬಿಡಿಸಿ. 4194304ರಿಂದ ಭಾಗಿಸಿದರೆ ಭಾಗಲಬ್ಧ 864000000, ಶೇಷ 20483. ಆ ಶೇಷವನ್ನು 4096ರಿಂದ ಭಾಗಿಸಿದರೆ 5, ಶೇಷ 3. ಯಾವ ಗಳಿಗೆಯಲ್ಲಿ, ಯಾವ ಯಂತ್ರದಲ್ಲಿ, ಆ ಕ್ಷಣದ ಎಷ್ಟನೆಯದಾಗಿ ಇದು ಹುಟ್ಟಿತು ಎಂಬುದೆಲ್ಲ ಸಂಖ್ಯೆಯಲ್ಲೇ ಇದೆ. ಸಮಯ ಎಡತುದಿಯಲ್ಲಿರುವುದರಿಂದ ಒಂದೇ ಯಂತ್ರದಲ್ಲಿ ಆಮೇಲೆ ಹುಟ್ಟಿದ್ದು ದೊಡ್ಡ ಸಂಖ್ಯೆಯಾಗಿಯೇ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಾವಾಸ್ಕ್ರಿಪ್ಟ್‌ನ ಸಾಧಾರಣ ಸಂಖ್ಯೆ 2ರ ಘಾತ 53ರವರೆಗಿನ ಪೂರ್ಣಾಂಕಗಳನ್ನು ಮಾತ್ರ ತಪ್ಪಿಲ್ಲದೆ ಹಿಡಿಯುತ್ತದೆ. ಬ್ರೌಸರಿನ ಕನ್ಸೋಲಿನಲ್ಲಿ 9007199254740993 ಎಂದು ಬರೆದು ಎಂಟರ್ ಒತ್ತಿ. ಕೊನೆಯ ಅಂಕಿ 2 ಆಗಿ ವಾಪಸು ಬರುತ್ತದೆ. ನಮ್ಮ ಹತ್ತನೇ ದಿನದ ಐಡಿ ಈ ಮಿತಿಯೊಳಗಿದೆ. ಆದರೆ ಲೆಕ್ಕ ಹಾಕಿದರೆ 25ನೇ ದಿನವೇ ಮಿತಿ ದಾಟುತ್ತದೆ. ಮೂರು ವಾರದ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು, ನಾಲ್ಕನೇ ವಾರ ಒಬ್ಬರ ಪುಟ ಒತ್ತಿದರೆ ಇನ್ನೊಬ್ಬರದು ತೆರೆದುಕೊಳ್ಳುವ ದೋಷ ಹುಟ್ಟುವುದು ಹೀಗೆ. ಟ್ವಿಟರ್ ಕೂಡ ತನ್ನ ಐಡಿಗಳನ್ನು ಸಂಖ್ಯೆಯಾಗಿಯೂ ಅಕ್ಷರಗಳ ಸರಣಿಯಾಗಿಯೂ (ಸ್ಟ್ರಿಂಗ್) ಎರಡು ರೂಪದಲ್ಲಿ ಕಳಿಸಬೇಕಾಯಿತು. ಬ್ರೌಸರಿಗೆ ಹೋಗುವ 64 ಬಿಟ್ ಐಡಿಯನ್ನು ಸ್ಟ್ರಿಂಗ್ ಮಾಡಿಯೇ ಕಳಿಸಿ.

ಇನ್ನೊಂದು ಅಪಾಯ ಗಡಿಯಾರದ್ದು. ಕಂಪ್ಯೂಟರಿನ ಗಡಿಯಾರ ಸ್ವಲ್ಪ ಮುಂದೆ ಓಡಿದ್ದರೆ, ನೆಟ್‌ವರ್ಕ್ ಮೂಲಕ ಸಮಯ ಸರಿಪಡಿಸುವ ಎನ್‌ಟಿಪಿ ಅದನ್ನು ಹಿಂದಕ್ಕೆ ಎಳೆಯಬಹುದು. ಆಗ ಒಮ್ಮೆ ಕಳೆದ ಮಿಲಿಸೆಕೆಂಡು ಮತ್ತೆ ಬಂದು, ಆಗಲೇ ಕೊಟ್ಟ ಸಂಖ್ಯೆಯೇ ಇನ್ನೊಮ್ಮೆ ಹೊರಡುತ್ತದೆ. ಸ್ನೋಫ್ಲೇಕ್ ಕೊನೆಯದಾಗಿ ಸಂಖ್ಯೆ ಕೊಟ್ಟ ಸಮಯವನ್ನು ನೆನಪಿಟ್ಟುಕೊಂಡು, ಗಡಿಯಾರ ಅದಕ್ಕಿಂತ ಹಿಂದಿದ್ದರೆ ಸಂಖ್ಯೆ ಕೊಡಲು ನಿರಾಕರಿಸುತ್ತದೆ. ತಪ್ಪು ಕೊಡುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬ ಆ ತೀರ್ಮಾನ ನನಗೆ ಬಹಳ ಹಿಡಿಸುತ್ತದೆ. ಇನ್ನು, ಎರಡು ಯಂತ್ರಗಳ ಗಡಿಯಾರಗಳು ಎಂದೂ ಪೂರ್ತಿ ಒಂದಾಗಿರುವುದಿಲ್ಲ. ಆದ್ದರಿಂದ ಚಿಕ್ಕ ಐಡಿಯ ಟ್ವೀಟೇ ಮೊದಲು ಬರೆದದ್ದು ಎಂದು ನ್ಯಾಯ ತೀರ್ಮಾನ ಮಾಡಬಾರದು. ಬೇರೆಬೇರೆ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಡಿಯಾರದಿಂದ ಹೇಳಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಈ ಕ್ಷೇತ್ರದಲ್ಲಿ ಮುಂದುವರಿಯುವ ಮನಸ್ಸಿದ್ದರೆ ಅವರ ಆ ಪ್ರಬಂಧವನ್ನು ನಿಧಾನವಾಗಿ ಓದಿ.

ಸ್ನೋಫ್ಲೇಕ್ ಬಂದ ಮೇಲೆ ಅದೇ ಬಗೆಯವು ಹಲವು ಹುಟ್ಟಿದವು. ಇನ್‌ಸ್ಟಾಗ್ರಾಂ ಯಂತ್ರದ ಬದಲು ಡೇಟಾಬೇಸ್ ತುಂಡಿನ ಸಂಖ್ಯೆಗೆ 13 ಬಿಟ್ ಕೊಟ್ಟು, ಕ್ರಮಸಂಖ್ಯೆಗೆ 10 ಬಿಟ್ ಇಟ್ಟುಕೊಂಡಿತು. ಡಿಸ್ಕಾರ್ಡ್ ತನ್ನ ಆರಂಭದ ಕ್ಷಣವನ್ನು 2015ರ ಮೊದಲ ದಿನವೆಂದು ಇಟ್ಟುಕೊಂಡಿದೆ. ಕೊನೆಗೆ ಯುಯುಐಡಿಗಳ ಅಧಿಕೃತ ನಿಯಮವೇ ಬದಲಾಯಿತು. 2005ರ ಹಳೆಯ ನಿಯಮದ ಜಾಗದಲ್ಲಿ 2024ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9562 ಬಂತು, ಅದರಲ್ಲಿ ಏಳನೇ ಆವೃತ್ತಿ ಸೇರಿತು. ಇದರಲ್ಲಿ ಮೊದಲ 48 ಬಿಟ್ ಮಿಲಿಸೆಕೆಂಡಿನ ಸಮಯ, ಉಳಿದದ್ದರಲ್ಲಿ 74 ಬಿಟ್‌ವರೆಗೆ ರ್‍ಯಾಂಡಮ್. ಸಮಯ ಮುಂದಿರುವುದರಿಂದ ಡೇಟಾಬೇಸಿಗೆ ಹಿತ, ರ್‍ಯಾಂಡಮ್ ಇರುವುದರಿಂದ ಯಂತ್ರಕ್ಕೆ ಸಂಖ್ಯೆ ಹಂಚುವ ಕೆಲಸವೂ ಇಲ್ಲ. ಹಲವು ಸರ್ವರುಗಳ ಹೊಸ ಕೆಲಸ ಶುರುಮಾಡುವವರು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಡೇಟಾಬೇಸಿನಲ್ಲಿ 36 ಅಕ್ಷರದ ಪಠ್ಯವಾಗಿ ಇಡದೆ 16 ಬೈಟಿನ ಯುಯುಐಡಿಯಾಗಿಯೇ ಇಡಿ. ಯಾವಾಗ ಹುಟ್ಟಿತು ಎಂಬುದು ಹೊರಗಿನವರಿಗೆ ತಿಳಿಯಬಾರದ ದಾಖಲೆಗಳಿಗೆ ಮಾತ್ರ ನಾಲ್ಕನೇ ಆವೃತ್ತಿ ಬಳಸಿ. ಯಾವ ಆವೃತ್ತಿಯ ಐಡಿಯೇ ಆದರೂ ಅದನ್ನು ಪಾಸ್‌ವರ್ಡಿನಂತೆ ನಂಬಬೇಡಿ. ಐಡಿ ಗುರುತು ಹೇಳುತ್ತದೆ, ಹಕ್ಕು ಕೊಡುವುದಿಲ್ಲ.

ಯಾರನ್ನೂ ಕೇಳದೆ ಐಡಿ ತಯಾರಿಸಬಹುದು ಎಂಬುದರಿಂದ ಸಿಗುವ ದೊಡ್ಡ ಲಾಭ ವೇಗವಲ್ಲ, ಉತ್ತರ ಬರುವ ಮೊದಲೇ ಐಡಿ ನಮ್ಮ ಕೈಯಲ್ಲಿರುವುದು. ಯುಪಿಐಯಲ್ಲಿ ಹಣ ಕಳಿಸುವಾಗ ಪ್ರತಿ ವ್ಯವಹಾರಕ್ಕೂ 35 ಅಕ್ಷರದ ಒಂದು ಐಡಿ ಇರುತ್ತದೆ. ಈ ಐಡಿ ಹುಟ್ಟುವುದು ಹಣ ಕಳಿಸುವ ಕಡೆಯಲ್ಲಿ, ಕೋರಿಕೆ ಹೊರಡುವ ಮೊದಲೇ. ನಡುವೆ ಸಂಪರ್ಕ ಕಡಿದು ಉತ್ತರ ಬರಲಿಲ್ಲ ಎನ್ನಿ. ಹಣ ಹೋಯಿತೋ ಇಲ್ಲವೋ ಗೊತ್ತಿಲ್ಲ. ಐಡಿ ಕೈಯಲ್ಲಿರುವುದರಿಂದ ಅದನ್ನೇ ಹಿಡಿದು ಏನಾಯಿತೆಂದು ವಿಚಾರಿಸಬಹುದು. ಐಡಿಯನ್ನು ಆಚೆ ಕಡೆಯ ಸರ್ವರೇ ಕೊಡುವುದಾಗಿದ್ದರೆ, ಬಾರದ ಉತ್ತರದ ಜೊತೆ ಐಡಿಯೂ ಹೋಗುತ್ತಿತ್ತು. ವಿಚಾರಿಸಲು ಏನೂ ಉಳಿಯುತ್ತಿರಲಿಲ್ಲ.

ನಿಮ್ಮ ಪ್ರೋಗ್ರಾಮಿನಲ್ಲೂ ಇದನ್ನು ಹೀಗೆ ಬಳಸಿ. ಆರ್ಡರ್ ಕಳಿಸುವ ಗುಂಡಿ ಒತ್ತಿದ ಕ್ಷಣ ಫೋನಿನಲ್ಲೇ ಐಡಿ ತಯಾರಿಸಿ, ಕೋರಿಕೆಯ ಜೊತೆ ಕಳಿಸಿ. ಉತ್ತರ ಬರದಿದ್ದರೆ ಅದೇ ಐಡಿಯೊಂದಿಗೆ ಮತ್ತೆ ಕಳಿಸಿ. ಸರ್ವರ್ ಆ ಐಡಿಯ ಕಾಲಂಗೆ ಯುನಿಕ್ ನಿರ್ಬಂಧ ಹಾಕಿಟ್ಟು, ಎರಡನೇ ಸಲ ಬಂದದ್ದಕ್ಕೆ ಹೊಸ ಸಾಲು ಸೇರಿಸದೆ ಹಳೆಯ ಉತ್ತರವನ್ನೇ ಕೊಡಲಿ. ಮರುಪ್ರಯತ್ನದ ಲೂಪ್ ಬರೆಯುವಾಗ ಐಡಿ ತಯಾರಿಸುವ ಸಾಲು ಲೂಪಿನ ಮೇಲಿರಬೇಕು. ಅದು ಲೂಪಿನ ಒಳಗೆ ಇಳಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಐಡಿ ಹುಟ್ಟಿ, ಒಂದೇ ಆರ್ಡರು ಮೂರು ಸಲ ಮನೆಗೆ ಬರುತ್ತದೆ.